ಅಥೆನ್ಸಿನ ಅಮ್ಮ ಆಯನೂರಿನಲ್ಲಿ ಕೂತದ್ದು

ಗ್ರೀಸ್ ದೇಶದ ಶಿಲ್ಪಗಳನ್ನು ಗ್ರೀಸ್ ದೇಶಕ್ಕೆ ವಾಪಸು ಕೊಡಿಸುವುದು ಅಷ್ಟೇನೂ ಕಷ್ಟದ ಕೆಲಸವಲ್ಲ ಎಂದು ನನಗೆ ಅನ್ನಿಸಿದ್ದು ಶಿವಮೊಗ್ಗದ ಗೋಪಾಳದ ನಮ್ಮ ಮನೆಯ ಮುಂದೆ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುತ್ತಿದ್ದಾಗ. ಆಗ ನನ್ನ ಆರೋಗ್ಯ ಚೆನ್ನಾಗಿತ್ತು. ಈಗ ಬೀದಿಯಲ್ಲಿ ಲಗೇಜ್ ಆಟೊ ಸದ್ದು ಕೇಳಿದರೂ ಎದೆ ಹೊಡೆದುಕೊಳ್ಳುತ್ತದೆ. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ. ನಾನು ಕಂಡದ್ದನ್ನು ಕಂಡಷ್ಟೇ ಹೇಳುತ್ತೇನೆ. ಕಾಣದ್ದನ್ನು ಯಾರು ಹೇಳಿದರು ಎಂಬುದನ್ನೂ ಹೇಳುತ್ತೇನೆ. ಯಾಕೆಂದರೆ ಈ ವಿಷಯದಲ್ಲಿ ನನ್ನ ಹೆಂಡತಿ ವಿಮಲಾ ಹೇಳುವ ಕಥೆ ಬೇರೆಯೇ ಇದೆ, ಮತ್ತು ಕೇಳುವವರೆಲ್ಲ ಅದನ್ನೇ ನಂಬುತ್ತಾರೆ.

ಎಲ್ಲಕ್ಕೂ ಮೂಲ ಯಾನ್ನಿಸ್. ಅಥೆನ್ಸಿನಲ್ಲಿ ಶಾಲಾ ಮೇಷ್ಟ್ರು. ನಾನು ಪಾಠ ಹೇಳಿ ನಿವೃತ್ತನಾದ ಕಾಲೇಜಿಗೆ ಅತಿಥಿಯಾಗಿ ಬಂದಿದ್ದ. ಬಂದವನು ಜೋಗ ನೋಡಿಬರುವ ದಾರಿಯಲ್ಲಿ ಮಿರ್ಚಿ ಬಜ್ಜಿ ತಿಂದ. ಒಂದೆರಡಲ್ಲ. ಆಮೇಲೆ ಅವನು ಶಿವಮೊಗ್ಗದಲ್ಲಿ ನೋಡಿದ್ದು ನಮ್ಮ ಮಹಡಿಯ ಕೋಣೆ ಮತ್ತು ಅದರ ಪಕ್ಕದ ಬಚ್ಚಲು ಮಾತ್ರ. ವಿಮಲಾ ಗಂಜಿ ಮಾಡಿ, ನಿಂಬೆಕಾಯಿ ಉಪ್ಪಿನಕಾಯಿ ನೆಕ್ಕಿಸಿ ಅವನನ್ನು ಮತ್ತೆ ಮನುಷ್ಯನನ್ನಾಗಿ ಮಾಡಿದಳು. ಅವನು ಅವಳನ್ನು 'ಸಿಸ್ಟರ್ ವಿಮಲಾ' ಎಂದ. ಅವಳು ಅವನನ್ನು 'ಯಾನಣ್ಣ' ಎಂದಳು.

ಚೇತರಿಸಿಕೊಳ್ಳುತ್ತಾ ಅವನು ತನ್ನೂರಿನ ಕಥೆ ಹೇಳಿದ. ಅಲ್ಲಿ ಗುಡ್ಡದ ಮೇಲೆ ಒಂದು ಪುರಾತನ ದೇವಸ್ಥಾನ. ಅದರ ಶಿಲ್ಪಗಳನ್ನು ಹಿಂದೆ ಒಬ್ಬ ಇಂಗ್ಲಿಷ್ ದೊರೆ ಕಡಿದು ಹಡಗಿಗೆ ಹಾಕಿಕೊಂಡು ಹೋದನಂತೆ. ಈಗ ಅರ್ಧಕ್ಕರ್ಧ ಲಂಡನ್ನಿನ ಮ್ಯೂಸಿಯಮ್ಮಿನಲ್ಲಿವೆ. ಇವನು ಮಕ್ಕಳನ್ನು ಗುಡ್ಡಕ್ಕೆ ಕರೆದುಕೊಂಡು ಹೋದಾಗಲೆಲ್ಲ ಮಕ್ಕಳು "ಉಳಿದವರು ಎಲ್ಲಿ ಮೇಷ್ಟ್ರೇ?" ಎಂದು ಕೇಳುತ್ತಾರಂತೆ.

"ವಾಪಸು ಕೇಳಿದ್ರೆ ಅವರು ಏನಂತಾರೆ?" ಎಂದು ವಿಮಲಾ ಕೇಳಿದಳು. ನಾನು ಇಂಗ್ಲಿಷಿಗೆ ತಿರುಗಿಸಿದೆ.

"ನಾವು ಕೇಳಿಯೇ ತಂದದ್ದು ಅನ್ನುತ್ತಾರೆ. ನಮ್ಮ ಹತ್ತಿರ ಹೆಚ್ಚು ಜನ ನೋಡುತ್ತಾರೆ ಅನ್ನುತ್ತಾರೆ. ನಿಮ್ಮ ಹತ್ತಿರ ಇದ್ದಿದ್ದರೆ ಹಾಳಾಗುತ್ತಿತ್ತು, ನಾವು ಚೆನ್ನಾಗಿ ನೋಡಿಕೊಂಡಿದ್ದೇವೆ ಅನ್ನುತ್ತಾರೆ."

"ಎಲಾ!" ಎಂದಳು ವಿಮಲಾ. ಇದನ್ನು ನಾನು ತಿರುಗಿಸಲಿಲ್ಲ. ಅವನಿಗೆ ಅರ್ಥವಾಯಿತು.

ಅವನು ಊರಿಗೆ ಹೋದ ಮೇಲೂ ಫೋನು ನಿಲ್ಲಲಿಲ್ಲ. ಒಂದು ದಿನ, "ನಿಮ್ಮೂರಿನಿಂದ ಒಂದು ದನಿ ಬಂದರೂ ನಮ್ಮವರಿಗೆ ಧೈರ್ಯ ಬರುತ್ತದೆ" ಎಂದ. ನನಗೆ ಆವೇಶ ಬಂತು. "ಒಂದು ದನಿ ಯಾಕೆ? ಸಭೆಯನ್ನೇ ಮಾಡುತ್ತೇನೆ! ಶಿಲ್ಪದ ಪ್ರತಿಕೃತಿ ಇಟ್ಟು, ಎದುರಿಗೇ ಹಕ್ಕೊತ್ತಾಯ! ಬರುವ ಭಾನುವಾರ ಸಂಜೆ ವಿಡಿಯೋದಲ್ಲಿ ನೋಡು!" ಎಂದುಬಿಟ್ಟೆ. ಅವನು ಸುಮ್ಮನಿರಬಾರದಿತ್ತೇ? ತನ್ನ ಬೀದಿಯ ಕಾಫಿ ಅಂಗಡಿಯವನಿಗೆ ಹೇಳಿದ. ಅಂಗಡಿಯವನು ಗೋಡೆಗೆ ದೊಡ್ಡ ಟಿವಿ ಹಾಕಿಸಿದ. ಮಕ್ಕಳು, ಮುದುಕರು, ಅಲ್ಲಿನ ಪಾದ್ರಿಗಳು, ಎಲ್ಲರೂ ಭಾರತದ ಶಿವಮೊಗ್ಗ ನಮ್ಮ ಕಡೆ ಇದೆ ಎಂದು ಕಾಯತೊಡಗಿದರು. ನಾನು ಮಾತು ತಪ್ಪಿದರೆ ಒಬ್ಬ ಒಳ್ಳೆಯ ಮನುಷ್ಯ ತನ್ನ ಬೀದಿಯವರ ಮುಂದೆ ತಲೆತಗ್ಗಿಸಬೇಕಾಗಿತ್ತು.

ಕೂಡಲೇ 'ಗ್ರೀಕ್ ಶಿಲ್ಪ ವಾಪಸಾತಿ ಹೋರಾಟ ಸಮಿತಿ' ಸ್ಥಾಪನೆಯಾಯಿತು. ನಾನು ಅಧ್ಯಕ್ಷ. ಆ ಹೊತ್ತಿಗೆ ಒಗ್ಗರಣೆ ಹಾಕಲು ಒಳಗೆ ಹೋಗಿದ್ದ ವಿಮಲಾ ಉಪಾಧ್ಯಕ್ಷೆಯಾಗಿ ಅವಿರೋಧವಾಗಿ ಆಯ್ಕೆಯಾದಳು. ಸವಳಂಗ ರಸ್ತೆಯ ಟೈಲ್ಸ್ ಅಂಗಡಿಯ ಮುಂದೆ ಶಾಮಿಯಾನ ಹಾಕಿಸುವುದೆಂದು ತೀರ್ಮಾನವಾಯಿತು. ಉಳಿದದ್ದು ಪ್ರತಿಕೃತಿ.

ಅದಕ್ಕಾಗಿ ಭದ್ರಾವತಿಯ ಮುರುಗೇಶಣ್ಣನ ಬಳಿ ಹೋದೆ. ಕಾರ್ಖಾನೆಯ ಹಳೆ ಕ್ವಾರ್ಟರ್ಸ್ ಹಿಂದೆ ಶೆಡ್ ಹಾಕಿಕೊಂಡು ಗಣಪತಿ ಮಾಡುವವನು. ಯಾನ್ನಿಸ್ ಕಳಿಸಿದ್ದ ಫೋಟೋವನ್ನು ಅವನ ಫೋನಿಗೆ ಕಳಿಸಿದೆ. ಪೀಠದ ಮೇಲೆ ಕೂತ ದೇವತೆ. ಅಮೃತಶಿಲೆ. ಬಟ್ಟೆಯ ನೆರಿಗೆಗಳಂತೂ ಗಾಳಿಗೆ ಅಲ್ಲಾಡುತ್ತವೆ ಅನ್ನಬೇಕು.

ಮುರುಗೇಶಣ್ಣ ಫೋನನ್ನು ಅತ್ತ ತಿರುಗಿಸಿ ಇತ್ತ ತಿರುಗಿಸಿ ನೋಡಿದ. "ತಲೆ ಎಲ್ಲಿ ಸಾರ್?"

"ತಲೆ ಇಲ್ಲ."

"ಕೈ?"

"ಕೈಯೂ ಇಲ್ಲ."

"ಅಯ್ಯೋ ಪಾಪ. ಲಾರೀಲಿ ತರೋವಾಗ ಹೋಯ್ತಾ ಸಾರ್?"

"ಅದು ಇರುವುದೇ ಹಾಗೆ ಮುರುಗೇಶಣ್ಣ. ನೀನೂ ಹೀಗೇ ಮಾಡಿಕೊಡಬೇಕು. ಮುರಿದ ಹಾಗೆ."

ಅವನು ಬ್ರಷ್ಷನ್ನು ಡಬ್ಬದಲ್ಲಿ ನಿಲ್ಲಿಸಿದ. "ಸಾರ್, ಭಿನ್ನವಾದ ವಿಗ್ರಹಾನ ಯಾರಾದ್ರೂ ಮನೇಲಿ ಇಟ್ಕೋತಾರಾ? ಹೊಳೆಗೆ ಬಿಡ್ತಾರೆ. ನಾನು ಮುರಿದಿರೋದನ್ನೇ ಮಾಡಿ ಕೊಟ್ಟೆ ಅಂತ ಗೊತ್ತಾದ್ರೆ, ಬರೋ ಹಬ್ಬಕ್ಕೆ ಗಣಪತಿ ಕೇಳ್ಕೊಂಡು ಯಾರು ಬರ್ತಾರೆ ಇಲ್ಲಿ?"

"ಇದು ಪೂಜೆಗಲ್ಲಪ್ಪ. ಚಳವಳಿಗೆ."

"ಚಳವಳಿಗಾದ್ರೂ ತಲೆ ಬೇಡ್ವಾ ಸಾರ್?"

ಕೊನೆಗೆ ಅವನೇ ಒಂದು ದಾರಿ ಹೇಳಿದ. "ನಾನು ಪೂರ್ತಿ ಮಾಡಿ ಕೊಡ್ತೀನಿ. ತಲೆ, ಕೈ ಎಲ್ಲಾ ಇರುತ್ತೆ. ಮನೆಗೆ ತಗೊಂಡೋಗಿ ನೀವೇ ಒಡ್ಕೊಳ್ಳಿ. ಪ್ಲಾಸ್ಟರ್ ತಾನೇ, ಸುತ್ತಿಗೇಲಿ ಎರಡೇಟು. ಪಾಪ ಮಾತ್ರ ನಿಮ್ದು."

ಒಪ್ಪಿದೆ. ಆಗ ಅದು ಜಾಣತನದ ಹಾಗೆ ಕಂಡಿತು.

"ಮುಖ ಯಾವ ಥರ ಇರ್ಲಿ?" ಎಂದು ಹಿಂದಿನಿಂದ ಕೂಗಿ ಕೇಳಿದ.

"ಯಾವುದಾದರೂ ಇರಲಿ! ಹೇಗೂ ಒಡೆಯುವ ಮುಖ!" ಎಂದು ಬಸ್ಸು ಹತ್ತಿದೆ.

ಶನಿವಾರ ರಫೀಕ್ ತನ್ನ ಲಗೇಜ್ ಆಟೊದಲ್ಲಿ ವಿಗ್ರಹ ತಂದಿಳಿಸಿದ. ರಫೀಕ್ ನಮ್ಮ ಮನೆಯ ಬೀರು, ಮಂಚ, ಫ್ರಿಜ್ಜು ಎಲ್ಲವನ್ನೂ ಒಂದಲ್ಲ ಒಂದು ಸಲ ಸಾಗಿಸಿದವನು. ನನಗಿಂತ ನಮ್ಮ ಮನೆಯ ಬಾಗಿಲುಗಳ ಅಳತೆ ಅವನಿಗೆ ಚೆನ್ನಾಗಿ ಗೊತ್ತು. ಸುತ್ತಿದ್ದ ಬಿಳಿ ಬಟ್ಟೆಯನ್ನು ನಾನೇ ಬಿಚ್ಚಿದೆ. ಮೊದಲು ಪಾದ ಕಂಡಿತು. ಆಮೇಲೆ ನೆರಿಗೆ. ನಿಜಕ್ಕೂ ಗ್ರೀಕ್ ನೆರಿಗೆ! ಆಮೇಲೆ ಕೈಗಳು, ಬಳೆ ಸಮೇತ, ಬಲಗೈ ಮೇಲೆತ್ತಿದ್ದು. ಆಮೇಲೆ ಮುಖ.

ಮುಖ ವಿಮಲಾಳದು.

ರಫೀಕ್ ಒಮ್ಮೆ ವಿಗ್ರಹ ನೋಡಿದ, ಒಮ್ಮೆ ಬಾಗಿಲಲ್ಲಿ ನಿಂತ ವಿಮಲಾಳನ್ನು ನೋಡಿದ. "ಭಾಬಿ, ಮೂಗುಬೊಟ್ಟು ಕೂಡ ಅದೇ!" ಎಂದ.

ನಾನು ಮುರುಗೇಶಣ್ಣನಿಗೆ ಫೋನ್ ಮಾಡಿದೆ. ಅವನ ದನಿಯಲ್ಲಿ ಹೆಮ್ಮೆಯಿತ್ತು. "ನೀವು ವಾಟ್ಸಾಪ್ ಮಾಡಿದ್ರಲ್ಲ ಸಾರ್, ನಿಮ್ಮ ಹೆಸರಿನ ಪಕ್ಕ ಅಮ್ಮಾರ ಫೋಟೋ ಇತ್ತು. ಅದನ್ನೇ ದೊಡ್ಡದು ಮಾಡಿ ನೋಡ್ಕೊಂಡೆ. ಹೆಂಗೆ ಬಂದಿದೆ?"

ವಿಮಲಾ ವಿಗ್ರಹವನ್ನು ಒಂದು ಸುತ್ತು ಬಂದಳು. "ಕೆನ್ನೆ ಸ್ವಲ್ಪ ದಪ್ಪ ಮಾಡಿದ್ದಾನೆ" ಎಂದಳು. ಆಮೇಲೆ ಅದನ್ನೇ ಕನ್ನಡಿಯ ಹಾಗೆ ನೋಡಿಕೊಂಡು ಹಣೆಯ ಮೇಲಿನ ಕೂದಲು ಸರಿಮಾಡಿಕೊಂಡಳು.

ಭಾನುವಾರ ಬೆಳಿಗ್ಗೆ ಸುತ್ತಿಗೆ ಹಿಡಿದು ಅಂಗಳಕ್ಕೆ ಬಂದೆ. ವಿಮಲಾ ತುಳಸಿಕಟ್ಟೆಗೆ ನೀರು ಹಾಕುತ್ತಿದ್ದಳು. ಆಕೆಗೆ ನೋವಾಗದಿರಲಿ ಎಂಬ ಒಂದೇ ಉದ್ದೇಶದಿಂದ ನಾನು ಹೇಳಿದ ಮಾತು ಇದು: "ಸ್ವಲ್ಪ ಒಳಗೆ ಹೋಗು ಮಾರಾಯ್ತಿ. ನಿನ್ನ ತಲೆ ಒಡೆಯಬೇಕು."

ಕಾಂಪೌಂಡಿನ ಆಚೆ ಪಕ್ಕದ ಮನೆಯವರು ಬಟ್ಟೆ ಒಣಹಾಕುತ್ತಿದ್ದದ್ದು ನನಗೆ ಕಾಣಲಿಲ್ಲ. "ವಿಮಲಕ್ಕಾ! ನಮ್ಮನೆಯವರನ್ನ ಕಳಿಸ್ಲಾ?" ಎಂದು ಅಲ್ಲಿಂದ ಕೂಗು ಬಂತು.

"ಬೇಡ ಬಿಡಿ, ಇವರ ಕೈಲಿ ಆಗೋ ಕೆಲಸ ಅಲ್ಲ!" ಎಂದು ವಿಮಲಾ ಕೂಗಿ ಹೇಳಿದಳು. ಕಟ್ಟೆಯ ಮೇಲೆ ಕೂತು, "ಹ್ಞೂಂ, ಒಡೀರಿ, ನೋಡ್ತೀನಿ" ಎಂದಳು.

ಸುತ್ತಿಗೆ ಎತ್ತಿದೆ. ವಿಗ್ರಹ ನನ್ನನ್ನು ನೋಡಿತು. ಹಾಗಲಕಾಯಿ ತನ್ನಿ ಅಂದರೆ ಹೀರೇಕಾಯಿ ತಂದಾಗ ವಿಮಲಾ ಹೇಗೆ ನೋಡುತ್ತಾಳೋ, ಹಾಗೇ. ಮುರುಗೇಶಣ್ಣ ಒಂದು ಫೋಟೋ ನೋಡಿ ಇಷ್ಟನ್ನು ಹೇಗೆ ತಿಳಿದುಕೊಂಡ? ಎತ್ತಿದ ಸುತ್ತಿಗೆಯನ್ನು ಹಾಗೇ ಇಳಿಸಿದೆ. ಗಂಡಸು ಅನ್ನಿಸಿಕೊಳ್ಳಲೆಂದು ಇನ್ನೊಮ್ಮೆ ಎತ್ತಿದೆ. ಇನ್ನೊಮ್ಮೆಯೂ ಇಳಿಸಿದೆ.

ಖಾಲಿ ಬಟ್ಟೆ, ಹಗ್ಗ ವಾಪಸು ಒಯ್ಯಲು ಬಂದಿದ್ದ ರಫೀಕ್ ಇದನ್ನೆಲ್ಲ ಗೇಟಿಗೆ ಒರಗಿ ನೋಡುತ್ತಿದ್ದ. "ಸಾರ್, ನಿಮ್ಮಿಂದ ಆಗಲ್ಲ. ಆಯನೂರಲ್ಲಿ ನಮ್ಮ ಮಾಮು ಗ್ರಾನೈಟ್ ಕೆಲಸ ಮಾಡ್ತಾರೆ. ಕಟಿಂಗ್ ಮಷಿನ್ ಇದೆ. ಸರ್ರ್ ಅಂತ ಒಂದೇ ಸಲ. ಅಮ್ಮನಿಗೂ ಗೊತ್ತಾಗಲ್ಲ. ಊಟದ ಹೊತ್ತಿಗೆ ಸವಳಂಗ ರೋಡಲ್ಲಿ ತಂದು ನಿಲ್ಲಿಸ್ತೀನಿ."

ನಾನೇ ಹೋಗಬೇಕಿತ್ತು. ಆದರೆ ಬ್ಯಾನರ್ ಕಟ್ಟಿಸುವುದಿತ್ತು. ಕಳಿಸಿದೆ.

ಮಧ್ಯಾಹ್ನ ಅವನ ಫೋನು ಬಂತು. "ಸಾರ್, ಒಂದು ಚಿಕ್ಕ ಪ್ರಾಬ್ಲಂ."

"ತಪ್ಪು ಜಾಗದಲ್ಲಿ ಮುರಿಯಿತೇ?"

"ಮುರೀಲಿಲ್ಲ ಸಾರ್. ಅದೇ ಪ್ರಾಬ್ಲಂ."

ಮುಂದಿನದು ರಫೀಕ್ ಹೇಳಿದ್ದು. ಭಾನುವಾರವಾದ್ದರಿಂದ ಮಾಮುವಿನ ಶೆಡ್ಡಿಗೆ ಬೀಗ. ಮಾಮುವನ್ನು ಮನೆಯಿಂದ ಕರೆತರಬೇಕು. ಬಿಸಿಲಿನಲ್ಲಿ ಆಟೊದ ಮೇಲೆ ಬಿಟ್ಟರೆ ಪ್ಲಾಸ್ಟರ್ ಬಿರುಕು ಬಿಟ್ಟೀತೆಂದು, ವಿಗ್ರಹವನ್ನು ಇಳಿಸಿ ಎದುರಿನ ಅಶ್ವತ್ಥಕಟ್ಟೆಯ ನೆರಳಲ್ಲಿ ಕೂರಿಸಿ ಹೋಗಿದ್ದಾನೆ. ಒಳ್ಳೆಯ ಉದ್ದೇಶ. ಆದರೆ ಅಶ್ವತ್ಥಕಟ್ಟೆಯ ಮೇಲೆ ನಮ್ಮ ಜನ ಏನು ಇಡುತ್ತಾರೆ? ಗಾಜೊಡೆದ ದೇವರ ಪಟ, ಕೈ ಮುರಿದ ಕೃಷ್ಣ, ಸೊಂಡಿಲು ಹೋದ ಗಣಪತಿ. ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ, ಎಸೆಯಲು ಮನಸ್ಸಿಲ್ಲ, ಅಂಥವನ್ನು ತಂದಿಟ್ಟು ಕೈಮುಗಿದು ಹೋಗುತ್ತಾರೆ. ನನ್ನ ದೇವತೆಗೆ ತಲೆ ಕೈ ಇಲ್ಲದಿದ್ದರೆ ಅಲ್ಲಿ ಯಾರೂ ತಿರುಗಿಯೂ ನೋಡುತ್ತಿರಲಿಲ್ಲ. ಆದರೆ ಅಷ್ಟು ಮುರಿದ ದೇವರ ನಡುವೆ ಒಬ್ಬಳು ಪೂರ್ತಿ ಇರುವ ಅಮ್ಮ ಕೂತಿದ್ದಳು!

ನಾನೂ ವಿಮಲಾಳೂ ಆಯನೂರು ತಲುಪಿದಾಗ ಅಮ್ಮನಿಗೆ ಹಸಿರು ಸೀರೆ ಉಡಿಸಿ ಆಗಿತ್ತು. ಅರಿಸಿನ, ಕುಂಕುಮ, ಕೊರಳಿಗೆ ನಿಂಬೆಹಣ್ಣಿನ ಹಾರ. ಹೆಂಗಸರು ತಟ್ಟೆ ಹಿಡಿದು ಸಾಲು ನಿಂತಿದ್ದರು. ರಫೀಕ್ ಕಟ್ಟೆಯ ಮೂಲೆಯಲ್ಲಿ ಕೈಯಲ್ಲಿ ಬಾಳೆಹಣ್ಣು ಹಿಡಿದು, ತಪ್ಪಿತಸ್ಥನ ಹಾಗೆ ಕೂತಿದ್ದ. ವಿಮಲಾ ಚಪ್ಪಲಿ ಬಿಡಲು ಹಿಂದೆ ಉಳಿದಳು. ನಾನು ನೇರ ಮುಂದೆ ಹೋಗಿ, "ಈ ವಿಗ್ರಹ ನಮ್ಮದು" ಎಂದೆ.

ಅಲ್ಲಿ ಹೂ ಮಾರುವ ಗಂಗಕ್ಕ ಎಂಬ ಗಟ್ಟಿಗಿತ್ತಿ ಎದ್ದು ನಿಂತರು. "ಓ, ನೀವೇನಾ ಅವರು? ಅಮ್ಮನ ತಲೆ ಕಡಿಸೋಕೆ ಕಳಿಸಿದ ಯಜಮಾನ್ರು?"

ನಾನು ರಫೀಕನ ಕಡೆ ನೋಡಿದೆ. "ಕೇಳಿದ್ರು ಸಾರ್. ಸುಳ್ಳು ಹೇಳೋಕೆ ಬಾಯಿ ಬರ್ಲಿಲ್ಲ" ಎಂದ.

"ಅದು ಹಾಗಲ್ಲಮ್ಮ, ಗ್ರೀಸ್ ದೇಶದಲ್ಲಿ..." ಎಂದು ಶುರುಮಾಡಿದೆ.

"ಯಾವ ದೇಶದಲ್ಲಾದ್ರೂ ಇರ್ಲಿ. ನಾವೇನು ಕದ್ದಿಲ್ಲ, ನಿಮ್ಮ ಆಟೊದವರೇ ತಂದು ಕೂರಿಸಿದ್ದು. ನಿಮ್ಮನೇಲಿ ಇದ್ರೆ ನೋಡೋರು ಯಾರು, ನೀವಿಬ್ಬರು. ಇಲ್ಲಿ ನೋಡಿ ಎಷ್ಟು ಜನ! ಮತ್ತೆ ನಿಮ್ಮ ಹತ್ರ ಅಮ್ಮ ಉಳೀತಾಳಾ? ಸುತ್ತಿಗೆ ಹಿಡ್ಕೊಂಡು ನಿಂತಿದ್ರಂತೆ. ನಾವು ಚೆನ್ನಾಗಿ ನೋಡ್ಕೋತೀವಿ. ನೀವು ಹೊರಡಿ."

ಲಂಡನ್ನಿನವರು ಹೇಳುತ್ತಾರೆಂದು ಯಾನ್ನಿಸ್ ಒಪ್ಪಿಸಿದ್ದ ಮಾತುಗಳೆಲ್ಲ ಹಾಗ್ಹಾಗೇ, ಆಯನೂರಿನ ಹೂವಿನ ಬುಟ್ಟಿಯ ಹಿಂದಿನಿಂದ ಬಂದಿದ್ದವು. ವ್ಯತ್ಯಾಸವೆಂದರೆ, ಕೊನೆಯ ಮಾತು ಗಂಗಕ್ಕನ ವಿಷಯದಲ್ಲಿ ನಿಜವೂ ಆಗಿತ್ತು.

ಅಷ್ಟರಲ್ಲಿ ವಿಮಲಾ ನನ್ನ ಪಕ್ಕಕ್ಕೆ ಬಂದು ನಿಂತಳು.

ಗಂಗಕ್ಕ ಅವಳನ್ನು ನೋಡಿದರು. ಅಮ್ಮನನ್ನು ನೋಡಿದರು. ಮತ್ತೆ ಇವಳನ್ನು ನೋಡಿದರು. ತಟ್ಟೆಗಳ ಸದ್ದು ನಿಂತಿತು. "ಅಯ್ಯೋ ನಮ್ಮವ್ವಾ... ಬಂದೇಬಿಟ್ಟಳಲ್ಲ!" ಎಂದು ಯಾರೋ ಚೀರಿದರು. ಸಾಲು ಅಲ್ಲಿಂದ ಇಲ್ಲಿಗೆ ತಿರುಗಿ ಅವಳ ಕಾಲಿಗೆ ಬಿತ್ತು. "ಏಳ್ರಮ್ಮ, ಏಳ್ರಿ, ನಾನು ಗೋಪಾಳದವಳು ಕಣ್ರಮ್ಮ!" ಎಂದು ವಿಮಲಾ ಹಿಂದೆ ಹಿಂದೆ ಸರಿದಳು. ಯಾರೋ ಒಂದು ಹಸುಗೂಸನ್ನು ಅವಳ ಕೈಗೆ ಕೊಟ್ಟರು. ಅದು ಅಳುತ್ತಿತ್ತು. ವಿಮಲಾ ಅಭ್ಯಾಸಬಲದಿಂದ ಹೆಗಲಿಗೆ ಹಾಕಿ ತಟ್ಟಿದಳು. ಕೂಸು ತೇಗಿ ಸುಮ್ಮನಾಯಿತು. ಅದು ಅಜೀರ್ಣ ಎಂದು ನಾನು ಹೇಳಿದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಸಂಜೆ ಸಭೆಗೆಂದು ಹೇಳಿದ್ದ ಹೊತ್ತಿಗೆ ಸರಿಯಾಗಿ ನನ್ನ ಫೋನು ಹೊಡೆದುಕೊಂಡಿತು. ಯಾನ್ನಿಸ್! ವಿಡಿಯೋ!

ಎತ್ತದೆ ಇರಬಹುದಿತ್ತು. ನೆಟ್‌ವರ್ಕ್ ಇರಲಿಲ್ಲ ಎನ್ನಬಹುದಿತ್ತು. ಆದರೆ ಆ ಕಡೆ ಟಿವಿಯ ಮುಂದೆ ಒಂದು ಬೀದಿಯೇ ಕೂತಿತ್ತು. ಎತ್ತಿದೆ. ಪುಟ್ಟ ಪರದೆಯಲ್ಲಿ ತಲೆಗಳೋ ತಲೆಗಳು. ಮುಂದಿನ ಸಾಲಿನಲ್ಲಿ ಮಕ್ಕಳು. ನಡುವೆ ಹೊಸ ಕೋಟು ಹಾಕಿಕೊಂಡ ಯಾನ್ನಿಸ್. "ಎಲ್ಲಿ ನಮ್ಮ ದೇವತೆ? ಎಲ್ಲಿ ಸಭೆ?" ಎಂದ.

ನಾನು ಫೋನನ್ನು ಕಟ್ಟೆಯ ಕಡೆ ತಿರುಗಿಸಿದೆ.

ಆ ಕಡೆಯಿಂದ ಯಾನ್ನಿಸ್ ದನಿ ಬಂತು. "ಸಿಸ್ಟರ್ ವಿಮಲಾ?"

ನಡೆದದ್ದನ್ನು ಹೇಳಿದೆ. ಮುಚ್ಚಿಡದೆ ಹೇಳಿದೆ. ಸುತ್ತಿಗೆ, ಮಷಿನ್ನು, ಕಟ್ಟೆ. ನಾನು ನಿನ್ನ ಮರ್ಯಾದೆ ಕಳೆದೆ ಯಾನ್ನಿಸ್, ನಿಮ್ಮ ಒಂದು ಶಿಲ್ಪ ವಾಪಸು ಕೊಡಿಸಲು ಹೊರಟು ನನ್ನದೇ ಒಂದನ್ನು ವಾಪಸು ತರಲಾರದೆ ನಿಂತಿದ್ದೇನೆ, ಎಂದೆ. ಅವನು ತನ್ನ ಜನಕ್ಕೆ ಗ್ರೀಕಿನಲ್ಲಿ ಹೇಳಿದ. ಅಲ್ಲಿ ಗುಜುಗುಜು ಎದ್ದಿತು. ಒಬ್ಬಳು ಅಜ್ಜಿ ಎದ್ದು ಟಿವಿಯ ಹತ್ತಿರ ಬಂದು ಕಣ್ಣೊರೆಸಿಕೊಂಡಳು. ನಮ್ಮ ದೇವತೆಯನ್ನು ಕೈ, ಮುಖ ಇರುವ ಹಾಗೆ ನಾನು ನೋಡಿಯೇ ಇರಲಿಲ್ಲ ಎಂದಳಂತೆ.

"ಯಾರವರು? ಯಾಕೆ ಅಳ್ತಾಳೆ ಆ ಮುದುಕಿ?" ಎಂದು ಗಂಗಕ್ಕ ಕೇಳಿದರು.

ವಿಮಲಾ ಹೇಳಿದಳು. ಸಮಿತಿಯ ಮೂರು ಪುಟದ ಕರಪತ್ರದಲ್ಲಿ ನಾನು ಹೇಳಲಾಗದ್ದನ್ನು ಕೂಸು ತಟ್ಟುತ್ತಾ ಹೇಳಿದಳು. "ಅವರೂರಿನ ದೇವರನ್ನ ಬೇರೆಯವರು ಕಡಿದು ಹೊತ್ಕೊಂಡು ಹೋಗಿದ್ದಾರೆ ಗಂಗಕ್ಕ. ತಲೆ ಇಲ್ಲ, ಕೈ ಇಲ್ಲ. ಎಷ್ಟು ಕೇಳಿದ್ರೂ ವಾಪಸು ಕೊಡ್ತಿಲ್ಲ."

ಗಂಗಕ್ಕನಿಗೆ ಇದು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಕಟ್ಟೆಯ ಮೇಲಿನ ಸೊಂಡಿಲಿಲ್ಲದ ಗಣಪತಿಯನ್ನೂ ಕೈ ಹೋದ ಕೃಷ್ಣನನ್ನೂ ನೋಡಿದರು. "ಮುರಿದಿರೋದನ್ನೂ ಕೊಡಲ್ವಂತಾ?" ಎಂದರು. "ಥೂ! ಮುರಿದಿರೋದನ್ನ ಇಟ್ಕೊಂಡು ಅವರಾದ್ರೂ ಏನು ಉದ್ಧಾರ ಆಗ್ತಾರೆ? ಆಯಮ್ಮನ ಕಾಲು ಮುಟ್ಟೋಕೆ ಆ ಮುದುಕಿ ಎಷ್ಟು ದೂರ ಹೋಗ್ಬೇಕು? ಕೊಡ್ರೋ ಅನ್ನಿ ಅವರಿಗೆ! ಏ, ಎಲ್ಲರೂ ಅನ್ರೇ!"

"ಕೊಡ್ರೋ!" ಎಂದರು ಹೆಂಗಸರು. ತಟ್ಟೆ ಬಡಿದರು. ರಫೀಕ್ ಆಟೊದ ಹಾರನ್ ಒತ್ತಿದ. "ಕೊಡ್ರೋ! ಅಮ್ಮನ್ನ ಕೊಡ್ರೋ!" ಆ ಕಡೆ ಮಕ್ಕಳು ಎದ್ದು ನಿಂತು, ಅರ್ಥ ತಿಳಿಯದಿದ್ದರೂ, "ಕೊದ್ರೋ! ಕೊದ್ರೋ!" ಎಂದು ಕುಣಿದರು. ಯಾನ್ನಿಸ್ ಮುಖ ನಾನು ನೋಡಿದೆ. ಅವನು ತಲೆ ತಗ್ಗಿಸಿರಲಿಲ್ಲ.

ಗದ್ದಲ ಇಳಿದ ಮೇಲೆ ಗಂಗಕ್ಕ ನನ್ನ ಹತ್ತಿರ ಬಂದರು. ದನಿ ಮೆತ್ತಗಾಗಿತ್ತು. "ನಮ್ಮಮ್ಮನೂ ಅವರದ್ದೇನಾ ಹಾಗಾದ್ರೆ? ಕೇಳಿ ಅವರನ್ನ. ಬೇಕು ಅಂದ್ರೆ ಕೊಡ್ತೀವಿ. ಬೇಡ ಅಂದ್ರೆ ಇಟ್ಕೋತೀವಿ."

ವಾಪಸಾತಿ ಹೋರಾಟ ಸಮಿತಿಯ ಅಧ್ಯಕ್ಷನಾದ ನಾನು ವಾಪಸು ಕೊಡದಿರಲು ಅನುಮತಿ ಕೋರುವ ಈ ಮನವಿಯನ್ನು ಇಂಗ್ಲಿಷಿಗೆ ಅನುವಾದಿಸಿದೆ. ಒಂದು ಪದವನ್ನೂ ಬಿಡಲಿಲ್ಲ. ಯಾನ್ನಿಸ್ ಅದನ್ನು ತನ್ನ ಜನಕ್ಕೂ ಹೇಳಿದ. "ನಮ್ಮನ್ನು ಇದುವರೆಗೆ ಯಾರೂ ಹೀಗೆ ಕೇಳಿರಲಿಲ್ಲ" ಎಂದ. "ಆದರೆ ಇದರ ಮುಖ ನಮ್ಮದಲ್ಲ. ಸಿಸ್ಟರನ್ನು ಕೇಳಿ."

ಎಲ್ಲರೂ ವಿಮಲಾಳ ಕಡೆ ತಿರುಗಿದರು. ನಾನೂ ತಿರುಗಿದೆ. ಇಷ್ಟು ವರ್ಷ ಜೊತೆಗಿದ್ದವಳು, ಸಮಿತಿಯ ಉಪಾಧ್ಯಕ್ಷೆ, ನನ್ನ ಕಷ್ಟ ಅರಿಯಳೇ?

"ಇಲ್ಲೇ ಇರ್ಲಿ" ಎಂದಳು ವಿಮಲಾ. "ಗೋಪಾಳದಲ್ಲಿ ನನಗೆ ಯಾರು ಇಷ್ಟು ಮರ್ಯಾದೆ ಕೊಡ್ತಾರೆ?"

ಅಥೆನ್ಸಿನಲ್ಲಿ ಚಪ್ಪಾಳೆ ಬಿತ್ತು. ಆಯನೂರಿನಲ್ಲಿ ಮಂಗಳಾರತಿ ಎತ್ತಿದರು. ಸವಳಂಗ ರಸ್ತೆಯ ಸಭೆ ನನಗೆ ನೆನಪಾದದ್ದು ಆಗ. ಟೈಲ್ಸ್ ಅಂಗಡಿಯವರಿಗೆ ಫೋನ್ ಮಾಡಿ, ಸಭಿಕರನ್ನು ಸ್ವಲ್ಪ ಹಿಡಿದಿಡಿ ಎಂದೆ. ಶಾಮಿಯಾನದ ನೆರಳಲ್ಲಿ ಕೂತಿದ್ದವರೆಲ್ಲ ಬಸ್ಸು ಬಂದ ಕೂಡಲೇ ಎದ್ದು ಹೋದರಂತೆ.

ಈಗ ಪ್ರತಿ ಮಂಗಳವಾರ ವಿಮಲಾ ಆಯನೂರಿಗೆ ಹೋಗುತ್ತಾಳೆ. ಅಮ್ಮನಿಗೆ ತಗಡಿನ ಮಾಡು ಹಾಕಿಸಿದ್ದಾರೆ. ಮುರುಗೇಶಣ್ಣನೂ ಒಂದು ಸಲ ಬಂದು ಕೆನ್ನೆ ಸಣ್ಣ ಮಾಡಿಕೊಟ್ಟು ಹೋದನಂತೆ. ಇವನ್ನೆಲ್ಲ ನಾನು ಹತ್ತಿರದಿಂದ ನೋಡಿದ್ದಲ್ಲ, ಕೇಳಿದ್ದು. ಯಾಕೆಂದರೆ ಗಂಗಕ್ಕ ಒಂದು ಕಟ್ಟಳೆ ಮಾಡಿದ್ದಾರೆ. ಸರ್ವರಿಗೂ ದರ್ಶನ ಉಂಟು, ಯಜಮಾನರಿಗೆ ಮಾತ್ರ ರಸ್ತೆಯ ಆಚೆಯಿಂದ. ನಾನೂ ರಫೀಕನೂ ಎದುರಿನ ಅಂಗಡಿಯಲ್ಲಿ ಚಹಾ ಕುಡಿಯುತ್ತಾ ಕಾಯುತ್ತೇವೆ. ಅಲ್ಲಿಂದ ಅಮ್ಮನ ಮುಖ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಎತ್ತಿದ ಬಲಗೈ ಮಾತ್ರ ಕಾಣುತ್ತದೆ. ಭಕ್ತರು ಅದನ್ನು ಅಭಯಹಸ್ತ ಎನ್ನುತ್ತಾರೆ. ನನಗಂತೂ ಅದು, ನೀವು ಅಲ್ಲೇ ನಿಂತಿರಿ, ಎಂದ ಹಾಗೇ ಇದೆ.